ಹೊಗೆ ಹಿಡಿದಿರಿ, ಮನುಷ್ಯನನ್ನು ಎಲ್ಲಿ ಬಿಟ್ಟಿರಿ?

ಗೆಳೆಯರೇ, ಜೇಬಿನಲ್ಲಿರುವ ಫೋನು ತೆಗೆಯಿರಿ. ಅದರಲ್ಲಿ ಊಟಿ ರೈಲಿನ ಚಿತ್ರ ಎಷ್ಟಿವೆ, ಎಣಿಸಿ. ಹತ್ತು? ಐವತ್ತು? ಹಸಿರು ಬೆಟ್ಟ ಇದೆ. ನೀಲಿ ಬಂಡಿ ಇದೆ. ತಿರುವಿನಲ್ಲಿ ಬಳುಕಿ ನಿಂತ ಡಬ್ಬಿಗಳಿವೆ. ಆಕಾಶಕ್ಕೆ ಏರಿದ ಹೊಗೆ ಇದೆ. ಕಿಟಕಿಯಿಂದ ಅರ್ಧ ಮೈ ಹೊರಚಾಚಿ ಹಲ್ಲು ಕಿರಿದ ನಿಮ್ಮ ಸ್ನೇಹಿತ ಇದ್ದಾನೆ. ಭೇಷ್! ಈಗ ಇನ್ನೊಂದು ಸಲ ನೋಡಿ. ಆ ಎಂಜಿನ್ನಿಗೆ ಬೆಂಕಿ ಹಾಕಿದವನು ಎಲ್ಲಿ? ನೀರು ತುಂಬಿದವನು ಎಲ್ಲಿ? ಬಂಡಿಯ ಮೂತಿಯ ಮೇಲೆ ಬಾವುಟ ಹಿಡಿದು ನಿಂತಿದ್ದನಲ್ಲ, ಅವನು ಎಲ್ಲಿ?

ಇಲ್ಲ. ಒಂದು ಚಿತ್ರದಲ್ಲೂ ಇಲ್ಲ. ಅಂಚಿನಲ್ಲಿ ಒಂದು ಖಾಕಿ ತೋಳು ಬಿದ್ದಿದ್ದರೆ ಅದನ್ನೂ ಬೆರಳಿನಿಂದ ಎಳೆದು ಕತ್ತರಿಸಿದ್ದೀರಿ. ಕೆಳಗೆ ನಾಲ್ಕು ಇಂಗ್ಲಿಷ್ ಪದ ಬರೆದು ಲೋಕಕ್ಕೆಲ್ಲ ತೋರಿಸಿದ್ದೀರಿ. ಎಂಜಿನ್ನಿನ ನಂಬರು ಏನು, ಯಾವ ನಿಲ್ದಾಣ, ಯಾವ ದಿನ, ಓಡಿಸಿದವರು ಯಾರು? ಕೇಳಿದರೆ ಪಿಳಿಪಿಳಿ ಕಣ್ಣು ಬಿಡುತ್ತೀರಿ. ಇದಕ್ಕೆ ಛಾಯಾಗ್ರಹಣ ಎನ್ನಬೇಕೆ ಸ್ವಾಮಿ? ಗೋಡೆಗೆ ಅಂಟಿಸುವ ಕ್ಯಾಲೆಂಡರಿಗೂ ಇದಕ್ಕೂ ಏನು ವ್ಯತ್ಯಾಸ?

ಕೋಪ ಬಂತೆ? ಬರಲಿ. ಬೆಂಗಳೂರಿನಿಂದ, ಮೈಸೂರಿನಿಂದ ಗುಂಡ್ಲುಪೇಟೆ ದಾಟಿ, ಬಂಡೀಪುರದ ಕಾಡು ದಾಟಿ ವಾರಾಂತ್ಯಕ್ಕೆ ನೀಲಗಿರಿಗೆ ಏರುವ ನಮ್ಮ ಹುಡುಗ ಹುಡುಗಿಯರಿಗೇ ಈ ಮಾತು ಹೇಳಬೇಕಾಗಿದೆ. ಏಕೆಂದರೆ ಉಗಿಬಂಡಿ ನೋಡಲು ನಾವು ಪಕ್ಕದ ರಾಜ್ಯದ ಬೆಟ್ಟ ಹತ್ತಬೇಕಾಗಿ ಬಂದದ್ದಕ್ಕೂ, ಹತ್ತಿ ನಾವು ಮಾಡುತ್ತಿರುವ ಈ ಕೆಲಸಕ್ಕೂ ಸಂಬಂಧವಿದೆ.

ಮೂತಿಯಲ್ಲಿ ನಿಂತವನು

ಮೊದಲು ಆ ಬಂಡಿಯನ್ನು ಸರಿಯಾಗಿ ನೋಡಿ. ಮೆಟ್ಟುಪಾಳ್ಯದಿಂದ ಊಟಿಗೆ 46 ಕಿಲೋಮೀಟರು. 326 ಮೀಟರ್ ಎತ್ತರದ ಊರಿನಿಂದ 2203 ಮೀಟರ್ ಎತ್ತರದ ಊರಿಗೆ ಹತ್ತಬೇಕು. ಹಳಿ 1899ರಲ್ಲಿ ಕೂನೂರಿನ ತನಕ ಬಂತು, 1908ರಲ್ಲಿ ಊಟಿ ಮುಟ್ಟಿತು. ಕಲ್ಲಾರಿನಿಂದ ಕೂನೂರಿನ ತನಕ ಎಂಥ ಏರು ಎಂದರೆ, ಹನ್ನೆರಡು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ಮಾಮೂಲಿ ಚಕ್ರ ಇಲ್ಲಿ ಜಾರುತ್ತದೆ. ಅದಕ್ಕೇ ಎರಡು ಹಳಿಗಳ ನಡುವೆ ಗರಗಸದಂಥ ಹಲ್ಲಿನ ಪಟ್ಟಿ ಹಾಸಿದ್ದಾರೆ. ಎಂಜಿನ್ನಿನ ಹೊಟ್ಟೆಯ ಕೆಳಗಿರುವ ಹಲ್ಲುಗಾಲಿ ಆ ಪಟ್ಟಿಯನ್ನು ಕಚ್ಚಿ ಕಚ್ಚಿ ಮೇಲೇರುತ್ತದೆ. ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಕಾರ್ಖಾನೆಯವರು ಈ ದಾರಿಗೆಂದೇ ಕಟ್ಟಿಕೊಟ್ಟ ಎಕ್ಸ್ ಕ್ಲಾಸ್ ಎಂಜಿನ್ನಿಗೆ ನಾಲ್ಕು ಸಿಲಿಂಡರು. ಎರಡು ಸಿಲಿಂಡರು ಚಕ್ರ ತಿರುಗಿಸುತ್ತವೆ. ಅಲ್ಲಿ ದುಡಿದು ಬಂದ ಉಗಿ ಬಯಲಿಗೆ ಹೋಗದೆ ಇನ್ನೆರಡಕ್ಕೆ ನುಗ್ಗಿ ಹಲ್ಲುಗಾಲಿ ತಿರುಗಿಸುತ್ತದೆ. ಒಂದೇ ಉಗಿಯಿಂದ ಎರಡು ಸಲ ಕೂಲಿ. ಜಿಪುಣ ಸಾಹುಕಾರನ ಲೆಕ್ಕಾಚಾರ ಅನ್ನಿ!

ಈಗ ಮುಖ್ಯವಾದ ಸಂಗತಿ. ಹತ್ತುವಾಗ ಎಂಜಿನ್ ಮುಂದೆ ಇರುವುದಿಲ್ಲ. ಹಿಂದೆ, ಕೆಳಗಡೆ ನಿಂತು ಇಡೀ ಬಂಡಿಯನ್ನು ತಳ್ಳುತ್ತದೆ. ಡಬ್ಬಿಯೇನಾದರೂ ಕಳಚಿಕೊಂಡರೆ ಕಣಿವೆಗೆ ಉರುಳದಿರಲಿ ಎಂದು ಈ ಏರ್ಪಾಟು. ಹಾಗಾದರೆ ಡ್ರೈವರಿಗೆ ಮುಂದಿನ ದಾರಿ ಹೇಗೆ ಕಾಣಬೇಕು? ಕಾಣುವುದಿಲ್ಲ. ಅದಕ್ಕೇ ಎಲ್ಲಕ್ಕಿಂತ ಮುಂದಿನ ಡಬ್ಬಿಯ ಮೂತಿಯಲ್ಲಿ, ಬಯಲು ಹಲಗೆಯ ಮೇಲೆ ಒಬ್ಬ ಬ್ರೇಕ್ಸ್‌ಮನ್ ನಿಂತಿರುತ್ತಾನೆ. ಮಳೆ, ಮಂಜು, ಕಾಡುಕೋಣ, ಆನೆ, ಮೇಲಿನಿಂದ ಉರುಳಿ ಬಿದ್ದ ಬಂಡೆ, ಎಲ್ಲಕ್ಕೂ ಅವನದೇ ಕಣ್ಣು. ಅವನು ಬಾವುಟ ತೋರಿಸುತ್ತಾನೆ, ಹಿಂದಿನ ಡಬ್ಬಿಯವನು ನೋಡಿ ದಾಟಿಸುತ್ತಾನೆ, ಹಾಗೆ ಸುದ್ದಿ ಕೈಯಿಂದ ಕೈಗೆ ಎಂಜಿನ್ ಮುಟ್ಟುತ್ತದೆ. ಡಬ್ಬಿಗೊಬ್ಬ ಮನುಷ್ಯ, ಅವನ ಕೈಯಲ್ಲಿ ಬ್ರೇಕು.

ಅಂದರೆ ಹತ್ತುವ ಬಂಡಿಯನ್ನು ಎದುರಿನಿಂದ ನೋಡಿದವನಿಗೆ ಕಾಣುವುದು ಹೊಗೆಯಲ್ಲ, ಮನುಷ್ಯ! ಬಂಡಿಯ ಮುಖ ಎಂದರೆ ಅವನದೇ ಮುಖ. ಇಂಥ ಭಾಗ್ಯ ಬೇರೆ ಯಾವ ರೈಲಿನ ಫೋಟೋಗ್ರಾಫರನಿಗೆ ಉಂಟು? ನಮ್ಮವರು ಏನು ಮಾಡುತ್ತಾರೆ ಗೊತ್ತೇ? ಅವನನ್ನು ಬಿಟ್ಟು ಬಾಲದ ಕಡೆ ಓಡುತ್ತಾರೆ. ಇಲ್ಲವೇ ಮಧ್ಯಾಹ್ನ ಬಂಡಿ ಇಳಿಯುವ ತನಕ ಕಾಯುತ್ತಾರೆ. ಇಳಿಯುವಾಗ ಎಂಜಿನ್ ಮುಂದಿರುತ್ತದಲ್ಲ, ಚಿತ್ರ ಪುಸ್ತಕದಲ್ಲಿದ್ದ ಹಾಗೆ ಬರುತ್ತದಂತೆ! ಆದರೆ ಇಳಿಜಾರಿನಲ್ಲಿ ಎಂಜಿನ್ ಎಳೆಯುವುದಿಲ್ಲ, ತಳ್ಳುವುದೂ ಇಲ್ಲ. ಸಿಲಿಂಡರಿನೊಳಗೆ ಗಾಳಿ ಒತ್ತಿ ಬಂಡಿಯನ್ನು ತಡೆದು ಹಿಡಿಯುತ್ತದೆ. ದುಡಿಯುವ ಎಂಜಿನ್ ಬೇಕೆಂದು ಹೋದವನು ಬ್ರೇಕು ಹಾಕುವ ಎಂಜಿನ್ನಿನ ಚಿತ್ರ ತೆಗೆದುಕೊಂಡು ಬರುತ್ತಾನೆ. ಅದೂ ಅವನಿಗೆ ತಿಳಿಯುವುದಿಲ್ಲ.

ಕರಿ ಹೊಗೆ ಎಂಬ ಸುಳ್ಳು

ಹೊಗೆಯ ವಿಷಯಕ್ಕೆ ಬನ್ನಿ. ದಟ್ಟ ಕರಿ ಹೊಗೆ ಬಂದರೆ ನಮ್ಮ ಹುಡುಗರಿಗೆ ಮೈ ಜುಮ್ಮೆನ್ನುತ್ತದೆ. ಎಂಥ ಶಕ್ತಿ, ಎಂಥ ಆರ್ಭಟ! ಮಣ್ಣಾಂಗಟ್ಟಿ. ಕರಿ ಹೊಗೆ ಎಂದರೆ ಉರಿಯದೆ ಹೋದ ಇಂಗಾಲ. ಒಲೆಗೆ ಗಾಳಿ ಸಾಲದೆ ಕಲ್ಲಿದ್ದಲೋ ಎಣ್ಣೆಯೋ ವ್ಯರ್ಥವಾಗುತ್ತಿದೆ ಎಂದು ಅರ್ಥ. ಹಳ್ಳಿಯಲ್ಲಿ ಸೌದೆ ಒಲೆ ಊದಿದ ನಿಮ್ಮ ಅಜ್ಜಿಯನ್ನು ಕೇಳಿ. ಹೊಗೆ ಜಾಸ್ತಿಯಾದರೆ ಅಡುಗೆ ಚೆನ್ನಾಗಿ ಬೇಯುತ್ತಿದೆ ಎಂದು ಯಾವ ಅಜ್ಜಿಯೂ ಹೇಳುವುದಿಲ್ಲ. ಒಳ್ಳೆಯ ಫೈರ್‌ಮನ್ ಎಂದರೆ ಚಿಮಣಿಯಲ್ಲಿ ಹೊಗೆ ಕಾಣದ ಹಾಗೆ ಬೆಂಕಿ ಸಾಕುವವನು. ತೆಳ್ಳಗೆ ಹರಡಿ ಹಾಕುತ್ತಾನೆ, ಎಲ್ಲಿ ಬೆಂಕಿ ಬಿಳಿಯಾಗಿದೆಯೋ ಅಲ್ಲಿಗೆ ಹಾಕುತ್ತಾನೆ, ಗಾಳಿ ಎಷ್ಟು ಬಿಡಬೇಕೆಂದು ಅವನಿಗೆ ಗೊತ್ತು. ನೀವು ಅವನ ಬಳಿ ಹೋಗಿ, ಅಣ್ಣಾ ಸ್ವಲ್ಪ ಹೊಗೆ ಬಿಡಿ ಎನ್ನುವುದು, ಒಳ್ಳೆಯ ಅಡುಗೆಯವನ ಬಳಿ ಹೋಗಿ ಸ್ವಲ್ಪ ಸೀಯಿಸಿ ಎಂದು ಕೇಳಿದ ಹಾಗೆ.

ಬಿಳಿಯದ್ದು ಬೇರೆ. ಅದು ಹೊಗೆಯಲ್ಲ, ತಣ್ಣನೆ ಗಾಳಿಗೆ ಸಿಕ್ಕಿ ಹನಿಯಾದ ಉಗಿ. ಅದಕ್ಕೇ ಅದು ಬೆಳಗಿನ ಚಳಿಯಲ್ಲಿ ಮೋಡದಂತೆ ನಿಲ್ಲುತ್ತದೆ, ಮಧ್ಯಾಹ್ನದ ಬಿಸಿಲಿನಲ್ಲಿ ಕಣ್ಣಿಗೇ ಬೀಳದೆ ಕರಗುತ್ತದೆ. ಕಪ್ಪು ಎಂಜಿನ್, ಬಿಳಿ ಉಗಿ, ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿಯುವುದು ನಿಜವಾಗಿ ಕಷ್ಟದ ಕೆಲಸ. ಎಂಜಿನ್ನಿಗೆ ಬೆಳಕು ಸರಿ ಮಾಡಿದರೆ ಉಗಿ ಸುಣ್ಣ ಬಳಿದ ಹಾಗೆ ಆಗುತ್ತದೆ. ಉಗಿಗೆ ಸರಿ ಮಾಡಿದರೆ ಎಂಜಿನ್ ಮಸಿಯ ಮುದ್ದೆ. ಓಡುವ ದಂಡದ ಚಲನೆ ಕಾಣಬೇಕಾದರೆ ಶಟರ್ ನಿಧಾನ ಇರಬೇಕು, ಅಷ್ಟರಲ್ಲಿ ಉಳಿದದ್ದು ಅಲುಗಾಡಬಾರದು. ಇದೆಲ್ಲ ಕಲಿಯಿರಿ, ಸಂತೋಷ. ಕಲೆ ಬೇಡ ಎಂದು ಯಾರು ಹೇಳಿದರು?

ಯುರೋಪಿನಲ್ಲಿ ಫೋಟೋದವರಿಗೆಂದೇ ದುಡ್ಡು ಪಡೆದು ವಿಶೇಷ ಬಂಡಿ ಓಡಿಸುತ್ತಾರೆ. ಸೇತುವೆಯ ಮೇಲೆ ಬಂಡಿ ಹಿಂದಕ್ಕೆ ಹೋಗಿ, ಬೇಕಾದಷ್ಟು ಹೊಗೆ ಕಾರುತ್ತಾ ಮತ್ತೆ ಮುಂದೆ ಬರುತ್ತದೆ. ಅತ್ತ ಕಡೆ ಸಾಲಾಗಿ ನಿಂತವರು ಟಕಟಕ ಒತ್ತುತ್ತಾರೆ. ನಾಟಕ ಎಂದು ಅವರಿಗೂ ಗೊತ್ತು, ಟಿಕೆಟು ಕೊಂಡ ನಾಟಕ. ನಮ್ಮವರು ಅದೇ ಚಿತ್ರ ನೋಡಿ, ರೈಲು ಎಂದರೆ ಹೀಗೇ ಇರಬೇಕು ಎಂದು ನಂಬಿ, ದಿನನಿತ್ಯ ಜನ ಹೊತ್ತು ಹತ್ತುವ ಬಂಡಿಯಿಂದಲೂ ಅದನ್ನೇ ಬಯಸುತ್ತಾರೆ. ಪರಕೀಯರ ಕಣ್ಣು ಎರವಲು ತಂದು ಹಾಕಿಕೊಂಡರೆ ಹೀಗೇ ಆಗುವುದು.

ಕಳೆದ ವರ್ಷ ಕೂನೂರು ನಿಲ್ದಾಣದಲ್ಲಿ ಕಂಡದ್ದು ಹೇಳುತ್ತೇನೆ. ಬೆಂಗಳೂರಿನ ಒಂದು ಛಾಯಾಗ್ರಹಣ ತಂಡ. ಹೆಸರು ಬೇಡ. ಹದಿನೈದು ಜನ, ಹದಿನೈದು ಕ್ಯಾಮೆರಾ, ಒಬ್ಬ ಗುರು. ಎಂಜಿನ್ ಪಕ್ಕದಲ್ಲಿ ಕೈಯಲ್ಲಿ ಎಣ್ಣೆ ಡಬ್ಬ ಹಿಡಿದು, ಹತ್ತಿಯ ಚಿಂದಿಯಿಂದ ದಂಡ ಒರೆಸುತ್ತಿದ್ದವರು ಐವತ್ತು ದಾಟಿದ ಮನುಷ್ಯ. ಗುರು ದೂರದಿಂದಲೇ ಕೈ ಬೀಸಿ ಇಂಗ್ಲಿಷಿನಲ್ಲಿ ಕೂಗಿದ, ಫ್ರೇಮಿನಿಂದ ಆಚೆ ಹೋಗಿ ಎಂದು. ಆತ ಹೋದರು. ಜಗಳವಾಡಲಿಲ್ಲ, ಮುಖ ಗಂಟಿಕ್ಕಲಿಲ್ಲ. ಎಣ್ಣೆ ಡಬ್ಬ ಎತ್ತಿಕೊಂಡು ಕಂಬದ ಹಿಂದೆ ನಿಂತರು. ಹದಿನೈದು ಜನ ಒಂದೇ ಚಿತ್ರ ಹದಿನೈದು ಸಲ ತೆಗೆದರು. ಅವರು ಹೋದ ಮೇಲೆ ಆತನ ಬಳಿ ಹೋಗಿ ಮಾತಾಡಿಸಿದೆ. ಕೇತಿ ಕಡೆಯ ಬಡಗರು. ಬಡಗ ನುಡಿ ನಮ್ಮ ಕನ್ನಡದ ಹತ್ತಿರದ ನೆಂಟ, ನಾನು ಕನ್ನಡದಲ್ಲೇ ಕೇಳಿದೆ, ಅವರು ತಮ್ಮ ಮಾತಿನಲ್ಲೇ ಹೇಳಿದರು, ಇಬ್ಬರಿಗೂ ಮುಕ್ಕಾಲು ಪಾಲು ತಿಳಿಯಿತು. ಇಪ್ಪತ್ತು ನಿಮಿಷದಲ್ಲಿ ಅವರು ಆ ಎಂಜಿನ್ನಿನ ಬಗ್ಗೆ ಹೇಳಿದ್ದು ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ. ಯಾವ ಎಂಜಿನ್ ಯಾವ ತಿರುವಿನಲ್ಲಿ ಮುನಿಸಿಕೊಳ್ಳುತ್ತದೆ, ಮಳೆಗಾಲದಲ್ಲಿ ಹಲ್ಲಿನ ಪಟ್ಟಿಯ ಸದ್ದು ಹೇಗೆ ಬದಲಾಗುತ್ತದೆ, ಎಣ್ಣೆ ಉರಿಸುವ ಎಂಜಿನ್ನಿಗೂ ಕಲ್ಲಿದ್ದಲಿನದಕ್ಕೂ ಕೈಗೆ ಏನು ವ್ಯತ್ಯಾಸ ಗೊತ್ತಾಗುತ್ತದೆ. ಆ ಹದಿನೈದು ಕ್ಯಾಮೆರಾಗಳಿಗೆ ಅವರು ಕಸ, ಅಷ್ಟೇ.

ನಮ್ಮ ಬಂಡಿಗಳು ಎಲ್ಲಿ ಹೋದವು?

ಈ ರೋಗ ಇಂದಿನದಲ್ಲ. ಕರ್ನಾಟಕದ ಉದ್ದಗಲಕ್ಕೂ ಉಗಿಬಂಡಿ ಓಡಿದ ಕಾಲವಿತ್ತು. 1876ರಿಂದ 1878ರ ಭೀಕರ ಬರದ ನಂತರ ಹಸಿದವರಿಗೆ ಕೂಲಿ ಕೊಡಲೆಂದು ಕೈಗೆತ್ತಿಕೊಂಡ ಬೆಂಗಳೂರು ಮೈಸೂರು ಮೀಟರ್ ಗೇಜ್ ಹಾದಿ 1882ರಲ್ಲಿ ಮೈಸೂರು ಮುಟ್ಟಿತು. ಆ ಹಾದಿಗೆ ಮಣ್ಣು ಹೊತ್ತವರ ಒಂದು ಮುಖ ನೀವು ನೋಡಿದ್ದೀರಾ? ಯಲಹಂಕದಿಂದ ಚಿಕ್ಕಬಳ್ಳಾಪುರ, ಚಿಂತಾಮಣಿ, ಕೋಲಾರ, ಬಂಗಾರಪೇಟೆಯ ತನಕ ಎರಡೂವರೆ ಅಡಿ ಅಗಲದ ಪುಟ್ಟ ಹಳಿಯ ಮೇಲೆ ಪುಟ್ಟ ಬಂಡಿ ಓಡುತ್ತಿತ್ತು. ನಂದಿ ಬೆಟ್ಟದ ಬುಡದಲ್ಲಿ ಹಾದುಹೋಗುತ್ತಿತ್ತು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಾಡಿನ ನಡುವೆ ಅದಕ್ಕಿಂತ ಚಿಕ್ಕ ಟ್ರಾಮ್ ಹಾದಿ. ಅತ್ತ ಕ್ಯಾಸಲ್‌ರಾಕಿನಿಂದ ದೂಧ್‌ಸಾಗರದ ಜಲಪಾತ ದಾಟಿ ಗೋವೆಗೆ ಇಳಿಯುವ ಘಟ್ಟದ ಹಾದಿ. ಹುಬ್ಬಳ್ಳಿಯಲ್ಲಿ 1885ರಷ್ಟು ಹಿಂದೆಯೇ ರೈಲ್ವೆ ಕಾರ್ಖಾನೆ. ಅರಸೀಕೆರೆಯಲ್ಲಿ ಶೆಡ್ಡು. ಎಷ್ಟು ಸಾವಿರ ಮನೆಗಳ ಅನ್ನ ಆ ಬೆಂಕಿಯಲ್ಲಿ ಬೆಂದಿದೆ!

1992ರಲ್ಲಿ ಎಲ್ಲ ಹಳಿಯನ್ನೂ ಒಂದೇ ಅಗಲಕ್ಕೆ ತರುವ ಯೋಜನೆ ಬಂತು. ಬ್ರಾಡ್ ಗೇಜ್ ಬೇಡ ಎಂದು ನಾನು ಹೇಳುತ್ತಿಲ್ಲ. ಜನಕ್ಕೆ ವೇಗದ ಬಂಡಿ ಬೇಕಿತ್ತು, ಸಿಕ್ಕಿತು, ಒಳ್ಳೆಯದಾಯಿತು. ಕೋಲಾರ ಚಿಕ್ಕಬಳ್ಳಾಪುರದ ಕೊನೆಯ ತುಂಡು 2013ರಲ್ಲಿ ಬ್ರಾಡ್ ಗೇಜ್ ಆಗಿ ತೆರೆಯಿತು. ಆದರೆ ಡಾರ್ಜಿಲಿಂಗಿನ ಹಾದಿಗೆ 1999ರಲ್ಲಿ, ನೀಲಗಿರಿಗೆ 2005ರಲ್ಲಿ, ಕಾಲ್ಕಾ ಶಿಮ್ಲಾ ಹಾದಿಗೆ 2008ರಲ್ಲಿ ವಿಶ್ವ ಪರಂಪರೆಯ ಪಟ್ಟ ಸಿಕ್ಕಾಗ ನಮ್ಮ ಯಾವ ಹಾದಿಗೂ ಆ ಭಾಗ್ಯ ಬರಲಿಲ್ಲ. ನಂದಿ ಹಾಲ್ಟಿನಂಥ ಹಳೆಯ ನಿಲ್ದಾಣದ ಕಟ್ಟಡಗಳಿಗೆ ಈಚೆಗೆ ಸುಣ್ಣ ಬಣ್ಣ ಆಗಿದೆ. ಕಟ್ಟಡ ಉಳಿಯಿತು, ಬಂಡಿ ಹೋಯಿತು.

ಹೋಗಲಿ, ಚಿತ್ರವಾದರೂ ಉಳಿಯಿತೇ? ಹುಡುಕಿ ನೋಡಿ. ನಮ್ಮ ಉಗಿಬಂಡಿಗಳ ಒಳ್ಳೆಯ ಚಿತ್ರ ಬೇಕೆಂದರೆ ಕೈಗೆ ಸಿಗುವುದು ಬಹುಪಾಲು ಹೊರಗಿನವರು ತೆಗೆದದ್ದು. ಭಾರತೀಯ ರೈಲ್ವೆ ಉಗಿ ಎಂಜಿನ್ ಕಟ್ಟುವುದನ್ನು 1972ರಲ್ಲಿ ನಿಲ್ಲಿಸಿತು. ಬ್ರಾಡ್ ಗೇಜಿನ ದಿನನಿತ್ಯದ ಉಗಿಬಂಡಿ 1995ರಲ್ಲಿ ಮುಗಿಯಿತು. ಈ ನಡುವಿನ ವರ್ಷಗಳಲ್ಲಿ ಇಂಗ್ಲೆಂಡು, ಜರ್ಮನಿಯಿಂದ ಹೆಗಲಿಗೆ ಕ್ಯಾಮೆರಾ ನೇತುಹಾಕಿಕೊಂಡು ಬಂದರು. ಕಾಲಿನ್ ಗ್ಯಾರಟ್ ಎಂಬ ಇಂಗ್ಲಿಷ್ ಛಾಯಾಗ್ರಾಹಕ ಲೋಕದ ಕೊನೆಯ ಉಗಿ ಎಂಜಿನ್‌ಗಳನ್ನು ಹುಡುಕಿಕೊಂಡು ದೇಶ ದೇಶ ಅಲೆಯುವುದನ್ನೇ ಕಸುಬು ಮಾಡಿಕೊಂಡಿದ್ದ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಅವರು ಬರದಿದ್ದರೆ ಅದೂ ಇರುತ್ತಿರಲಿಲ್ಲ. ಆದರೆ ಅವರು ಎಂಜಿನ್ನಿಗಾಗಿ ಬಂದವರು. ಎಂಜಿನ್ನಿನ ನಂಬರು ಬರೆದುಕೊಂಡರು, ಯಾವ ದೇಶದ ಯಾವ ಕಾರ್ಖಾನೆಯದು ಎಂದು ಬರೆದುಕೊಂಡರು. ಕಲ್ಲಿದ್ದಲು ಎತ್ತಿ ಹಾಕಿದ ಅರಸೀಕೆರೆಯವನ ಹೆಸರು ಏಕೆ ಬರೆಯುತ್ತಾರೆ? ಅದು ನಮ್ಮ ಕೆಲಸವಾಗಿತ್ತು. ನಾವು ಮಾಡಲಿಲ್ಲ.

ನಮಗೆ ಕ್ಯಾಮೆರಾ ಎಲ್ಲಿತ್ತು ಎನ್ನುತ್ತೀರಿ. ನಿಜ, ಮನೆಗೊಂದು ಕ್ಯಾಮೆರಾ ಇದ್ದ ಕಾಲವಲ್ಲ. ಫಿಲ್ಮ್ ರೋಲಿಗೆ ಮೂವತ್ತಾರು ಚಿತ್ರ, ಅದನ್ನು ಮದುವೆಗೆ ಎತ್ತಿಡುತ್ತಿದ್ದರು. ಜೊತೆಗೆ ಕಾನೂನಿನ ಗುಮ್ಮ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಬ್ರಿಟಿಷರ ಬಳುವಳಿ. ಅದರಡಿ ರೈಲುದಾರಿಯನ್ನೂ ನಿಷಿದ್ಧ ಜಾಗ ಎಂದು ಸರ್ಕಾರ ಘೋಷಿಸಬಹುದು. ಆ ನೆರಳಿನಲ್ಲಿ ಬೆಳೆದ ಅಧಿಕಾರಿಗಳಿಗೆ ಕ್ಯಾಮೆರಾ ಕಂಡರೆ ಬಾಂಬು ಕಂಡಷ್ಟು ಭಯ. ನಾನೇ ಹುಡುಗನಾಗಿದ್ದಾಗ ಒಂದು ಜಂಕ್ಷನ್ನಿನಲ್ಲಿ ಎರವಲು ಕ್ಯಾಮೆರಾ ಹಿಡಿದು ನಿಂತಿದ್ದಕ್ಕೆ ಒಬ್ಬ ಅಧಿಕಾರಿ ರೋಲು ಬಿಚ್ಚಿ ಬಿಸಿಲಿಗೆ ಹಿಡಿದ. ಅದೇ ಪ್ಲಾಟ್‌ಫಾರಮ್ಮಿನ ಇನ್ನೊಂದು ತುದಿಯಲ್ಲಿ ಬಿಳಿ ಚರ್ಮದವನೊಬ್ಬ ಎರಡು ಕ್ಯಾಮೆರಾ ಹಾಕಿಕೊಂಡು ಆರಾಮವಾಗಿ ಓಡಾಡುತ್ತಿದ್ದ. ಸಲಾಮು ಯಾರಿಗೆ, ಲಾಠಿ ಯಾರಿಗೆ ಎಂದು ಅಂದೇ ತಿಳಿಯಿತು.

ಆ ಕಾಲ ಹೋಯಿತು ಗೆಳೆಯರೇ. ಇಂದು ನಿಮ್ಮೆಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ, ರೋಲಿನ ಖರ್ಚಿಲ್ಲ. ಇನ್ನು ನೆಪ ಯಾವುದು?

ಕಾರು ಮಾರಿದವನ ಕಥೆಯಲ್ಲ, ದುಡ್ಡು ಸುರಿದವನ ಕಥೆ

ಅಮೆರಿಕದಲ್ಲಿ ವಿನ್‌ಸ್ಟನ್ ಲಿಂಕ್ ಎಂಬುವನಿದ್ದ. ನ್ಯೂಯಾರ್ಕಿನ ಬ್ರೂಕ್ಲಿನ್ನಿನವನು, ಕಂಪನಿಗಳ ಜಾಹೀರಾತಿಗೆ ಚಿತ್ರ ತೆಗೆದು ಹೊಟ್ಟೆ ಹೊರೆಯುತ್ತಿದ್ದವನು. 1955ರಲ್ಲಿ ವರ್ಜೀನಿಯಾ ಕಡೆ ಹೋದಾಗ ನಾರ್ಫೋಕ್ ಅಂಡ್ ವೆಸ್ಟರ್ನ್ ಎಂಬ ರೈಲು ಕಂಪನಿ ಇನ್ನೂ ಉಗಿ ಎಂಜಿನ್ ಓಡಿಸುತ್ತಿರುವುದು ಕಂಡ. ದೇಶದ ಉಳಿದ ದೊಡ್ಡ ಕಂಪನಿಗಳೆಲ್ಲ ಡೀಸೆಲ್ಲಿಗೆ ಹೊರಳಿದ್ದವು ಅಥವಾ ಹೊರಳುತ್ತಿದ್ದವು. ಕಂಪನಿಯ ಒಪ್ಪಿಗೆ ಪಡೆದ, ಸ್ವಂತ ದುಡ್ಡು ಹಾಕಿದ, 1960ರಲ್ಲಿ ಅಲ್ಲಿ ಉಗಿ ಮುಗಿಯುವ ತನಕ ಮತ್ತೆ ಮತ್ತೆ ಹೋದ. ಎರಡು ಸಾವಿರಕ್ಕೂ ಮೀರಿ ಚಿತ್ರ ತೆಗೆದ. ಬಹಳಷ್ಟು ರಾತ್ರಿಯಲ್ಲಿ. ಡಜನ್‌ಗಟ್ಟಲೆ ಫ್ಲ್ಯಾಶ್ ಬಲ್ಬುಗಳಿಗೆ ತಂತಿ ಎಳೆದು, ಎಲ್ಲ ಒಂದೇ ಕ್ಷಣಕ್ಕೆ ಹೊತ್ತಿಕೊಳ್ಳುವ ಹಾಗೆ ತಾನೇ ಏರ್ಪಾಟು ಮಾಡಿಕೊಂಡ. ಒಂದು ಬಲ್ಬು ಕೈಕೊಟ್ಟರೆ ರಾತ್ರಿಯ ಕೆಲಸ ಮಣ್ಣುಪಾಲು, ಬಂಡಿ ನಿಮಗಾಗಿ ವಾಪಸು ಬರುವುದಿಲ್ಲ.

ಅವನ ಚಿತ್ರಗಳಲ್ಲಿ ಏನಿದೆ? ಎಂಜಿನ್ ಇದೆ, ಉಗಿ ಇದೆ. ಆದರೆ ಮುಂದೆ ಜನ ಇದ್ದಾರೆ. ಮನೆಯ ಕೋಣೆಯಲ್ಲಿ ಕುಳಿತ ಹೆಂಗಸು, ಕಿಟಕಿಯಾಚೆ ಬಂಡಿ. ಹೊಳೆಯಲ್ಲಿ ಈಜುವ ಹುಡುಗರು, ಮೇಲೆ ಸೇತುವೆಯಲ್ಲಿ ಬಂಡಿ. 1956ರ ಒಂದು ಚಿತ್ರದಲ್ಲಿ ಕಾರಿನಲ್ಲಿ ಕುಳಿತೇ ನೋಡುವ ಬಯಲು ಸಿನಿಮಾ, ಪರದೆಯ ಮೇಲೆ ವಿಮಾನ, ಪಕ್ಕದಲ್ಲಿ ಉಗಿ ಕಾರುತ್ತಾ ಸಾಗುವ ಗೂಡ್ಸ್ ಬಂಡಿ, ಮುಂದಿನ ಕಾರಿನಲ್ಲಿ ಒಬ್ಬ ಹುಡುಗ, ಒಬ್ಬ ಹುಡುಗಿ. ಎಂಜಿನ್ ತೊಳೆಯುವವರು, ಎಣ್ಣೆ ಬಿಡುವವರು, ನಿಲ್ದಾಣದ ಏಜೆಂಟು, ಎಲ್ಲರೂ ಇದ್ದಾರೆ. ಸದ್ದನ್ನೂ ಬಿಡಲಿಲ್ಲ, ಯಂತ್ರ ಹೊತ್ತೊಯ್ದು ಬಂಡಿಗಳ ಸದ್ದು ಹಿಡಿದು ಗ್ರಾಮಫೋನ್ ತಟ್ಟೆ ಮಾಡಿಸಿದ. ಅವನ ಚಿತ್ರಗಳು ಸಹಜವಲ್ಲ, ಜನರನ್ನು ಕೂರಿಸಿ ನಿಲ್ಲಿಸಿ ಸಿದ್ಧಪಡಿಸಿದವು ಎಂದು ಹೇಳುವವರುಂಟು. ಹೌದು, ಸಿದ್ಧಪಡಿಸಿದ. ಜನರನ್ನು ಒಳಗೆ ಕರೆದು ಸಿದ್ಧಪಡಿಸಿದ. ನಮ್ಮ ಗುರು ಜನರನ್ನು ಹೊರಗೆ ಅಟ್ಟಿ ಸಿದ್ಧಪಡಿಸುತ್ತಾನೆ. ಲಿಂಕ್ ಚಿತ್ರಗಳಿಗೆಂದೇ 2004ರಲ್ಲಿ ರೋನೋಕ್ ಊರಿನ ಹಳೆಯ ರೈಲು ನಿಲ್ದಾಣದಲ್ಲಿ ವಸ್ತುಸಂಗ್ರಹಾಲಯ ತೆರೆದರು. ನಿಮ್ಮ ಹೊಗೆಯ ಚಿತ್ರಕ್ಕೆ ಯಾರು ಕಟ್ಟಡ ಕಟ್ಟುತ್ತಾರೆ?

ಹಳಿಯ ಮೇಲೆ ಪೌರುಷ

ಇನ್ನು ಕೆಲವರ ಶೌರ್ಯ ಹೇಳತೀರದು. ಹಳಿಯ ನಡುವೆ ಮಲಗಿ ಚಿತ್ರ. ಸುರಂಗದ ಬಾಯಲ್ಲಿ ನಿಂತು ಚಿತ್ರ. ನೀಲಗಿರಿ ಹಾದಿಯಲ್ಲಿ 250 ಸೇತುವೆ, 16 ಸುರಂಗ. ಸೇತುವೆಯ ಮೇಲೆ ಬಂಡಿ ಬಂದರೆ ಪಕ್ಕಕ್ಕೆ ಸರಿಯಲು ಎಷ್ಟು ಜಾಗ ಇರುತ್ತದೆ ಎಂದುಕೊಂಡಿದ್ದೀರಿ? 2024ರ ಜೂನಿನಲ್ಲಿ ಮೆಕ್ಸಿಕೋ ದೇಶದಲ್ಲಿ ಕೆನಡಾದಿಂದ ಬಂದಿದ್ದ 2816 ನಂಬರಿನ ಹಳೆಯ ಉಗಿ ಎಂಜಿನ್ ನೋಡಲು ಜನ ಹಳಿಯ ಪಕ್ಕ ಮುಗಿಬಿದ್ದಿದ್ದರು. ಎಂಜಿನ್ ಜೊತೆ ತನ್ನ ಚಿತ್ರ ತೆಗೆದುಕೊಳ್ಳಲು ಹಳಿಗೆ ಹತ್ತಿರ ಬಗ್ಗಿದ ಒಬ್ಬ ಹೆಣ್ಣುಮಗಳ ತಲೆಗೆ ಎಂಜಿನ್ ಬಡಿಯಿತು. ಅಲ್ಲೇ ಪ್ರಾಣ ಹೋಯಿತು. ಇಂಗ್ಲೆಂಡಿನವರೇನು ಮಹಾ ಜಾಣರಲ್ಲ. 2016ರ ಫೆಬ್ರವರಿಯಲ್ಲಿ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಎಂಜಿನ್ ದುರಸ್ತಿಯಾಗಿ ಲಂಡನ್ನಿನಿಂದ ಯಾರ್ಕಿಗೆ ಹೊರಟಾಗ ಫೋಟೋದವರು ಹಳಿಗೇ ನುಗ್ಗಿ ಬಂಡಿಯನ್ನು ನಿಲ್ಲಿಸಬೇಕಾಯಿತು. ಆದರೆ ಅಲ್ಲಿನ ಹಲವು ಪರಂಪರೆ ರೈಲುಗಳಲ್ಲಿ ಹಳಿ ಪಕ್ಕ ನಿಲ್ಲಬೇಕಾದರೆ ಪಾಸು ಬೇಕು, ಸುರಕ್ಷತೆಯ ಪಾಠ ಕೇಳಿರಬೇಕು, ಕಣ್ಣಿಗೆ ಹೊಡೆಯುವ ಬಣ್ಣದ ಅಂಗಿ ತೊಟ್ಟಿರಬೇಕು.

ನಮ್ಮಲ್ಲಿ? 2023ರ ಜುಲೈನಲ್ಲಿ ದೂಧ್‌ಸಾಗರ ನೋಡಲು ಹಳಿಯ ಮೇಲೆ ನಡೆದು ಹೊರಟಿದ್ದ ನೂರಾರು ಯುವಕರಿಗೆ ರೈಲ್ವೆ ಪೊಲೀಸರು ಪ್ಲಾಟ್‌ಫಾರಮ್ಮಿನಲ್ಲೇ ಬಸ್ಕಿ ಹೊಡೆಸಿದರು. ಅದರ ಚಿತ್ರ ಲೋಕವೆಲ್ಲ ನೋಡಿತು. ಕರ್ನಾಟಕದ ಹುಡುಗರೇ ಹೆಚ್ಚು. ನಗು ಬಂತು, ನಾಚಿಕೆಯೂ ಆಯಿತು. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಲ್ಲಿ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳ ತನಕ ಸಜೆ, ಸಾವಿರ ರೂಪಾಯಿ ತನಕ ದಂಡ ಇದೆ. ಬಸ್ಕಿ ಹೊಡೆಸುವುದು ಯಾವ ಕಲಮಿನಲ್ಲಿದೆಯೋ ಪೊಲೀಸರೇ ಹೇಳಬೇಕು. ಹುಡುಗರನ್ನು ಅವಮಾನಿಸುವುದು ಸುಲಭ. ಹಳಿಯಿಂದ ದೂರದಲ್ಲಿ, ಬೇಲಿ ಹಾಕಿದ ಒಂದು ಕಟ್ಟೆ ಕಟ್ಟಿ, ಇಲ್ಲಿ ನಿಂತು ಚಿತ್ರ ತೆಗೆಯಿರಿ ಎಂದು ಫಲಕ ಹಾಕುವುದು ಕಷ್ಟ. ರೈಲ್ವೆ ದೊರೆಗಳಿಗೆ ಸುಲಭದ್ದೇ ಇಷ್ಟ.

ಮತ್ತೆ ಹೇಳುತ್ತೇನೆ, ಆ ಹಳಿಯ ಮೇಲೆ ನಿಲ್ಲುವ ಹಕ್ಕು ಇರುವವನು ಒಬ್ಬನೇ, ಗ್ಯಾಂಗ್‌ಮನ್. ಮಳೆಗಾಲದಲ್ಲಿ ಗುಡ್ಡ ಕುಸಿದು ಹಾದಿ ಮುಚ್ಚಿದಾಗ ಗುದ್ದಲಿ, ಹಾರೆ ಹಿಡಿದು ಬಂಡೆ ಸರಿಸುವವನು. ಬಂಡಿ ರದ್ದು ಎಂದು ಹೋಟೆಲಿನಲ್ಲಿ ಕುಳಿತು ಗೊಣಗುವ ದಿನ ನಿಜವಾದ ಚಿತ್ರ ಅಲ್ಲಿ, ಕೆಸರಿನಲ್ಲಿ ಇರುತ್ತದೆ. ಅದನ್ನು ತೆಗೆದವರು ಎಷ್ಟು ಜನ? ಅನುಮತಿ ಕೇಳಿ ಅರ್ಜಿ ಹಾಕಿದವರು ಎಷ್ಟು ಜನ?

ಈಗೇನು ಮಾಡಬೇಕು ಎಂದರೆ

ನೀಲಗಿರಿಯ ಎಂಜಿನ್‌ಗಳು ಇನ್ನೂ ಜೀವಂತ. ತಿರುಚಿರಾಪಳ್ಳಿಯ ಪೊನ್ಮಲೈ ಕಾರ್ಖಾನೆಯವರು 2011ರ ನಂತರ ಅದೇ ನಮೂನೆಯ ಹೊಸ ಎಂಜಿನ್ ಕಟ್ಟಿದರು, ಮೊದಲು ಎಣ್ಣೆ ಉರಿಸುವವು, ಆಮೇಲೆ ಕಲ್ಲಿದ್ದಲಿನವು. ಹಲ್ಲು ಕೂರಿಸಿ, ಬಾಯ್ಲರ್ ಬೆಸೆದು, ನೂರು ವರ್ಷದ ಹಿಂದಿನ ಸ್ವಿಸ್ ನಕ್ಷೆಯ ವಿದ್ಯೆಯನ್ನು ಈ ನೆಲದ ಕೈಗಳು ವಶ ಮಾಡಿಕೊಂಡವು. ಇದಕ್ಕಿಂತ ದೊಡ್ಡ ಸುದ್ದಿ ಇದೆಯೇ? ನಮ್ಮ ಕ್ಯಾಮೆರಾ ಶೂರರಿಗೆ ಇದು ಗೊತ್ತೇ ಇಲ್ಲ, ಎಲ್ಲ ಎಂಜಿನ್ನೂ ಬ್ರಿಟಿಷರ ಕಾಲದ್ದು ಎಂದು ಬರೆದು ಹಾಕುತ್ತಾರೆ.

ಕರ್ನಾಟಕದಲ್ಲಿ ಬಂಡಿ ಸತ್ತಿದೆ, ಬಂಡಿ ನಡೆಸಿದವರು ಎಲ್ಲರೂ ಸತ್ತಿಲ್ಲ. ಮೀಟರ್ ಗೇಜ್ ಉಗಿ ಎಂಜಿನ್ನಿನಲ್ಲಿ ಇಪ್ಪತ್ತರ ಹರೆಯದಲ್ಲಿ ಫೈರ್‌ಮನ್ ಆಗಿ ಸೇರಿದವರು ಇಂದು ಎಪ್ಪತ್ತರ ಆಚೆ ಇದ್ದಾರೆ. ಹುಬ್ಬಳ್ಳಿಯ ರೈಲ್ವೆ ಕಾಲೊನಿಗಳ ಸುತ್ತ ಇದ್ದಾರೆ, ಅರಸೀಕೆರೆಯಲ್ಲಿ ಇದ್ದಾರೆ, ಮೈಸೂರಿನಲ್ಲಿ ಇದ್ದಾರೆ. ಬೇಸಿಗೆಯಲ್ಲಿ ಬಾಯ್ಲರಿನ ಮುಂದೆ ನಿಂತು ಬೆಂದ ತೋಳುಗಳ ಮೇಲೆ ಕಲೆಗಳಿವೆ. ಆ ತೋಳಿನ ಚಿತ್ರ ತೆಗೆಯಿರಿ. ಅವರ ಟ್ರಂಕಿನಲ್ಲಿ ಶೆಡ್ಡಿನ ಮುಂದೆ ಸಾಲಾಗಿ ನಿಂತು ತೆಗೆಸಿದ ಬೀಳ್ಕೊಡುಗೆಯ ಗುಂಪು ಚಿತ್ರ ಇರುತ್ತದೆ, ಗೆದ್ದಲು ತಿನ್ನುವ ಮೊದಲು ಅದನ್ನು ನಕಲು ಮಾಡಿಕೊಳ್ಳಿ. ಯಾರು ಯಾರೆಂದು ಎಡದಿಂದ ಬಲಕ್ಕೆ ಕೇಳಿ ಬರೆದುಕೊಳ್ಳಿ. ಅವರು ಎಂಜಿನ್ನಿನ ಒಂದೊಂದು ಅಂಗಕ್ಕೂ ಯಾವ ಹೆಸರು ಹೇಳುತ್ತಿದ್ದರು ಎಂದು ಕೇಳಿ. ಶೆಡ್ಡಿನ ಕನ್ನಡ ಯಾವ ನಿಘಂಟಿನಲ್ಲೂ ಇಲ್ಲ, ಅವರ ಬಾಯಲ್ಲಿ ಮಾತ್ರ ಇದೆ.

ಮೈಸೂರಿನಲ್ಲಿ 1979ರಿಂದ ರೈಲ್ವೆ ಸಂಗ್ರಹಾಲಯ ಇದೆ, ಹುಬ್ಬಳ್ಳಿಯಲ್ಲಿ 2020ರಲ್ಲಿ ಇನ್ನೊಂದು ತೆರೆಯಿತು. ಊರೂರಿನ ನಿಲ್ದಾಣ, ಕಛೇರಿಗಳ ಮುಂದೆ ಕಟ್ಟೆಯ ಮೇಲೆ ಎಂಜಿನ್‌ಗಳು ನಿಂತಿವೆ, ವರ್ಷಕ್ಕೊಮ್ಮೆ ಬಣ್ಣ ಬಳಿಸಿಕೊಂಡು. ಅವುಗಳ ಜೊತೆ ನಿಮ್ಮ ಮುಖದ ಚಿತ್ರ ಸಾಕು. ಒಂದು ಭಾನುವಾರ ಅಲ್ಲಿಗೆ ಒಬ್ಬ ನಿವೃತ್ತ ಡ್ರೈವರನ್ನು ಆಟೋದಲ್ಲಿ ಕರೆದುಕೊಂಡು ಹೋಗಿ. ತಾತಾ, ಇದು ನಿಮ್ಮ ಬಂಡಿಯೇ ಎಂದು ಕೇಳಿ. ಅವರು ಹ್ಯಾಂಡಲಿಗೆ ಕೈ ಹಾಕುವ ರೀತಿ ನೋಡಿ, ಆಗ ಒತ್ತಿ ನಿಮ್ಮ ಬಟನ್ನು. ಕೆಳಗೆ ಕನ್ನಡದಲ್ಲಿ ಅವರ ಹೆಸರು, ಊರು, ಶೆಡ್ಡು, ಎಷ್ಟರಿಂದ ಎಷ್ಟರ ತನಕ ದುಡಿದರು, ಯಾವ ಎಂಜಿನ್, ಇಷ್ಟು ಬರೆಯಿರಿ. ಹಾಕಲು ಅವರ ಒಪ್ಪಿಗೆ ಕೇಳಿ.

ನೀಲಗಿರಿಗೂ ಹೋಗಿ, ಬೇಡ ಅನ್ನುವುದಿಲ್ಲ. ಮೆಟ್ಟುಪಾಳ್ಯದಿಂದ ಬಂಡಿ ಬೆಳಿಗ್ಗೆ 7.10ಕ್ಕೆ ಹೊರಡುತ್ತದೆ. ಆರು ಗಂಟೆಗೇ ಹೋಗಿ, ಚಳಿಯಲ್ಲಿ ಉಗಿಯೂ ಚೆನ್ನಾಗಿ ನಿಲ್ಲುತ್ತದೆ. ಹಿಲ್‌ಗ್ರೋವಿನಲ್ಲಿ ನೀರಿಗೆ ನಿಂತಾಗ ಕೋತಿಗಳ ಚಿತ್ರ ತೆಗೆಯುವುದು ಬಿಟ್ಟು ಮುಂದಿನ ಡಬ್ಬಿಯ ಹತ್ತಿರ ನಡೆಯಿರಿ. ಬಾವುಟ ಹಿಡಿದವರಿಗೆ ನಮಸ್ಕಾರ ಹೇಳಿ. ಹೆಸರು ಕೇಳಿ, ವಿಳಾಸವನ್ನೂ ಬರೆದುಕೊಳ್ಳಿ. ಚಿತ್ರದ ಒಂದು ಪ್ರತಿ ಅವರ ಮನೆಗೆ ಅಂಚೆಯಲ್ಲಿ ಹಾಕಬೇಕಲ್ಲ.